ಕಣ್ಣಳತೆಗೆ ಕೂತ ಚಕ್ರ

ರಸ್ತೆಯ ಗುಂಡಿಗೆ ಕರುಣೆ ಎಂಬುದಿಲ್ಲ. ಕಾರು ಹೊಸದೋ ಹಳೆಯದೋ, ಒಳಗೆ ಕೂತವರು ಯಾರೋ, ಏನೂ ನೋಡುವುದಿಲ್ಲ. ನಮ್ಮ ಟೈಲರಣ್ಣನ ಪುಟ್ಟ ಕಾರು ಅಂಥದ್ದೊಂದು ಗುಂಡಿಗೆ ದಡಕ್ಕನೆ ಬಿದ್ದು ಎದ್ದಾಗ ಮುಂದಿನ ಚಕ್ರದ ಅಂಚು ಸೊಟ್ಟಗಾಯಿತು. ಸಂಜೆ ಗಾಳಿ ತುಂಬಿಸಿದರೆ ಬೆಳಿಗ್ಗೆಗೆ ಟೈರು ಚಪ್ಪಟೆ. ಉಳಿದ ಮೂರು ಚಕ್ರಗಳಿಗೂ ತುಕ್ಕು ಹಿಡಿದು, ಮುಟ್ಟಿದರೆ ಕೈಗೆ ಪುಡಿ ಬರುತ್ತಿತ್ತು.

"ಇದಕ್ಕಿನ್ನು ತೇಪೆ ಹಾಕಿ ಪ್ರಯೋಜನ ಇಲ್ಲ. ನಾಲ್ಕೂ ಬದಲಾಯಿಸಿಬಿಡ್ತೀನಿ," ಎಂದ ಟೈಲರಣ್ಣ.

ಆ ಕಾರನ್ನು ಅವನು ಓಡಿಸುವುದು ಬಿಟ್ಟು ಸುಮಾರು ಕಾಲವಾಗಿತ್ತು. ಹೊಲಿಗೆ ಮಿಷನ್ನು ತುಳಿದು ತುಳಿದು ಮಂಡಿ ಸೋತಿತ್ತು. ಕ್ಲಚ್ ಒತ್ತಿದರೆ ಜೀವ ಹೋದಂತಾಗುತ್ತಿತ್ತು. ಹಾಗಾಗಿ ಹೆಂಡತಿ ಡ್ರೈವಿಂಗ್ ಕಲಿತಳು. ಬೀದಿಯವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ತಲೆ ಅರ್ಧ ನರೆತ ಮೇಲೆ ಎಲ್ ಬೋರ್ಡು ಹಾಕಿಕೊಂಡು ಹೊರಟ ಅತ್ತಿಗೆಯನ್ನು ನೋಡಿ ನಕ್ಕವರು ಬಹಳ. ಅವಳು ಕ್ಯಾರೇ ಅನ್ನಲಿಲ್ಲ. ಮೊದಲ ಪರೀಕ್ಷೆಯಲ್ಲೇ ಪಾಸಾದಳು.

ಅವಳಿಗಿದ್ದದ್ದು ಒಂದೇ ಆಸೆ. ನದಿಯಾಚೆ ಅವಳ ಅಕ್ಕ ಒಬ್ಬಳೇ ಇದ್ದಳು. ಅಮ್ಮ ಬೇಗ ತೀರಿಕೊಂಡಾಗ ಅತ್ತಿಗೆಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕ. ಈಗ ಬಚ್ಚಲಲ್ಲಿ ಜಾರಿ ಬಿದ್ದು ಅದೇ ಸೊಂಟಕ್ಕೆ ಪೆಟ್ಟಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತಲಾರಳು. "ನಾನೇ ಬರ್ತೀನಿ ಅಕ್ಕಾ. ನನ್ನ ಪಕ್ಕದಲ್ಲಿ ಕೂರಿಸ್ಕೊಂಡು, ನಿಧಾನವಾಗಿ, ನಮ್ಮನೆಗೆ ಕರ್ಕೊಂಡು ಬರ್ತೀನಿ," ಎಂದು ಅತ್ತಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದಳು.

ಹೆಂಡತಿ ಇಷ್ಟೆಲ್ಲ ಸಾಧಿಸಿದ್ದಾಳೆ, ಅವಳ ಕಾರಿಗೆ ಸಾದಾ ಚಕ್ರ ಹಾಕುವುದೇ? ಟೈಲರಣ್ಣ ಹಳೆ ಸಾಮಾನಿನ ಅಂಗಡಿಗೆ ಹೋದ. ಅಲ್ಲಿ ಟೈರ್ ಸಮೇತ ನಾಲ್ಕು ಅಲಾಯ್ ಚಕ್ರಗಳು ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತಿದ್ದವು. ಟೈಲರಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಬಾಗಿಲಲ್ಲಿ ನಿಂತವರ ಭುಜ ನೋಡಿಯೇ ಕೋಟಿನ ಅಳತೆ ಹೇಳುವ ಮನುಷ್ಯ ಅವನು. ಟೇಪು ಕೊರಳಲ್ಲಿ ಇರುತ್ತಿತ್ತು, ಅಷ್ಟೆ.

"ನಮ್ಮ ಕಾರಿಗೂ ನಾಲ್ಕೇ ತೂತು, ಇದಕ್ಕೂ ನಾಲ್ಕೇ ತೂತು," ಎಂದ.

"ಸಣ್ಣ ಕಾರಲ್ವಾ ಸ್ವಾಮಿ? ಎಲ್ಲದಕ್ಕೂ ಕೂರುತ್ತೆ," ಎಂದ ಅಂಗಡಿಯವನು.

ಮನೆ ಮುಂದೆ ಜಾಕ್ ಏರಿಸಿ ತಾನೇ ಜೋಡಿಸಿದ. ನಟ್ಟುಗಳು ಸ್ವಲ್ಪ ಮೊಂಡು ಹಿಡಿದವು. ಟೈಲರಣ್ಣನಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ. ತೋಳು ಚೂರು ಬಿಗಿಯಾದರೆ ಅವನು ಬಟ್ಟೆಯನ್ನು ಎಳೆದು ಕೂರಿಸುತ್ತಿದ್ದ. ಇಷ್ಟು ವರ್ಷ ಒಬ್ಬ ಗಿರಾಕಿಯೂ ದೂರಿರಲಿಲ್ಲ. "ಚೂರು ಎಳೆದ್ರೆ ಕೂರುತ್ತೆ," ಎನ್ನುತ್ತಾ ನಟ್ಟು ಬಿಗಿಯುವ ಪಾನದ ಮೇಲೆ ಮೈಭಾರವನ್ನೆಲ್ಲ ಹಾಕಿದ. ಕಿರ್ರ್ ಎಂದು ಕೂತಿತು.

"ಅಯ್ಯೋ, ಈ ವಯಸ್ಸಲ್ಲಿ ನನಗ್ಯಾಕ್ರೀ ಇಷ್ಟೊಂದು ಶೋಕಿ!" ಎಂದಳು ಅತ್ತಿಗೆ. ಬೈದಂತೆ ಇತ್ತು, ಆದರೆ ಮುಖ ಅರಳಿತ್ತು.

ಆ ಅರಳಿದ ಮುಖ ಹೆಚ್ಚು ದಿನ ಉಳಿಯಲಿಲ್ಲ.

ಮೊದಲ ಸಲ ದೊಡ್ಡ ರಸ್ತೆಗೆ ಹೋಗಿ ಬಂದವಳೇ ಹೇಳಿದಳು: "ರೀ, ಸ್ವಲ್ಪ ಜೋರಾಗಿ ಹೋದ್ರೆ ಸ್ಟೇರಿಂಗ್ ಗಡಗಡ ಅನ್ನುತ್ತೆ. ನನ್ನ ಕೈ ನಡುಗ್ತಿದೆಯೋ ಏನೋ."

"ಹೊಸದರಲ್ಲಿ ಹಾಗೇ ಕಣೇ. ಭಯ ಬಿಡು, ಸರಿಹೋಗುತ್ತೆ," ಎಂದ ಟೈಲರಣ್ಣ, ಕತ್ತರಿಯಿಂದ ತಲೆಯೆತ್ತದೆ.

ಎರಡನೇ ಸಲವೂ ಅದೇ ದೂರು, ಅದೇ ಉತ್ತರ. ಆಮೇಲೊಂದು ದಿನ, ಗಂಡ ಹೊಲಿದ ಸಮವಸ್ತ್ರಗಳ ಗಂಟುಗಳನ್ನು ಕಾರಿನ ತುಂಬ ಹೇರಿಕೊಂಡು ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ, ಕರಕರ ಎಂದು ಏನೋ ಉಜ್ಜಿದ ಸದ್ದು. ಯಾರಿಗೋ ತಾಗಿಸಿಬಿಟ್ಟೆ ಎಂದುಕೊಂಡ ಅತ್ತಿಗೆ ನಡುರಸ್ತೆಯಲ್ಲೇ ನಿಲ್ಲಿಸಿದಳು. ಹಿಂದಿನಿಂದ ಹಾರನ್ನೋ ಹಾರನ್ನು. "ಓಡಿಸೋಕೆ ಬರದಿದ್ರೆ ಮನೇಲಿರಬಾರದಾ?" ಎಂದು ಒಬ್ಬ ಕೂಗಿಯೇ ಹೋದ. ನೋಡಿ, ಈ ಮಾತಿಗೆ ಮಾತ್ರ ಜನರಲ್ಲಿ ಬರವಿಲ್ಲ.

ಅತ್ತಿಗೆ ನಿಧಾನವಾಗಿ ಕಾರನ್ನು ಮನೆಗೆ ತಂದಳು. ಕೀಲಿಯನ್ನು ಗಂಡನ ಮಿಷನ್ನಿನ ಮೇಲಿಟ್ಟಳು. "ತಿರುವಿನಲ್ಲಿ ಕರಕರ ಅಂತು. ಮಾರಿಬಿಡಿ," ಎಂದಳು. ಆಮೇಲೆ ಒಳಗೆ ಹೋಗಿ ಫೋನು ಹಿಡಿದಳು. "ಅಕ್ಕಾ, ನನ್ನ ಕೈಲಾಗಲ್ಲ. ನಿನ್ನನ್ನ ಕೂರಿಸ್ಕೊಂಡು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಬದುಕಲ್ಲ. ನನ್ನ ಬಿಟ್ಟುಬಿಡು ಅಕ್ಕಾ."

ಮನೆಯ ಮುಂಭಾಗದ ಹೊಲಿಗೆ ಅಂಗಡಿಯಲ್ಲಿ, ಗಿರಾಕಿಗಳ ಅಳತೆ ನೋಡುವ ಪರದೆಯ ಈಚೆ ನಿಂತಿದ್ದ ಟೈಲರಣ್ಣನಿಗೆ ಎಲ್ಲ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಅತ್ತಿಗೆ ಬಂದು ಕಾಜಾ ಹೊಲಿಯಲು ಕೂತಳು. ಗುಂಡಿಯ ತೂತಿನ ಸುತ್ತ ಒಂದರ ಪಕ್ಕ ಒಂದು, ಕೂದಲೆಳೆ ಅತ್ತಿತ್ತಾಗದಂತೆ ದಾರ ಕೂರುತ್ತಿತ್ತು. ಟೈಲರಣ್ಣ ಆ ಕೈಯನ್ನೇ ನೋಡುತ್ತ ನಿಂತ. ಕಣ್ಣಲ್ಲಿ ನೀರಿದ್ದರೂ ನಡುಗದ ಈ ಕೈ, ಕಾರಿನಲ್ಲಿ ಯಾಕೆ ನಡುಗುತ್ತದೆ?

ಮರುದಿನ ಅವನು ಡ್ರೈವಿಂಗ್ ಕಲಿಸುವವಳ ಬಳಿಗೆ ಹೋದ. ಅವಳ ಕಾರಿನಲ್ಲಿ ಪಕ್ಕದ ಸೀಟಿನ ಬುಡದಲ್ಲೂ ಒಂದು ಬ್ರೇಕ್ ಇತ್ತು; ಅದಕ್ಕೇ ಜನ ಅವಳನ್ನು ಬ್ರೇಕಕ್ಕ ಎನ್ನುತ್ತಿದ್ದರು.

"ನಮ್ಮನೆಯವಳಿಗೆ ಇನ್ನೊಂದಷ್ಟು ದಿನ ಪಾಠ ಮಾಡಮ್ಮಾ. ಕೈ ನಡುಗುತ್ತಂತೆ."

"ಅತ್ತಿಗೆಗಾ?" ಬ್ರೇಕಕ್ಕ ಜೋರಾಗಿ ನಕ್ಕಳು. "ಅತ್ತಿಗೆ ಓಡಿಸೋವಾಗ ನಾನು ನನ್ನ ಬ್ರೇಕ್ ಮೇಲಿಂದ ಕಾಲು ತೆಗೆದು ಆರಾಮಾಗಿ ಕೂರ್ತಿದ್ದೆ ಅಣ್ಣಾ. ಇತ್ತೀಚೆಗೆ ಕಾರಿಗೆ ಏನಾದ್ರೂ ಮಾಡಿಸಿದ್ರಾ?"

"ಹೊಸ ಚಕ್ರ ಹಾಕ್ದೆ. ಅಷ್ಟೆ."

ಬ್ರೇಕಕ್ಕನ ನಗು ನಿಂತಿತು. "ನಡೀರಿ, ತೋರಿಸಿ."

ಅವಳು ಕಾರನ್ನು ಓಡಿಸಿ ನೋಡಲೂ ಇಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಮುಂದಿನ ಚಕ್ರ ಬಿಚ್ಚಿದಳು. ಬಿಚ್ಚಿದ ನಟ್ಟುಗಳನ್ನು ಟೈಲರಣ್ಣನ ಅಂಗೈಯಲ್ಲಿಟ್ಟಳು. ಪ್ರತಿಯೊಂದೂ ಒಂದೇ ಪಕ್ಕಕ್ಕೆ ಸವೆದಿತ್ತು.

"ನೋಡಿ, ಇದು ನೆಟ್ಟಗೆ ಕೂತಿರಲಿಲ್ಲ. ಓರೆಯಾಗಿ ಕಚ್ಚಿಕೊಂಡಿತ್ತು."

"ನಾಲ್ಕು ತೂತಿಗೆ ನಾಲ್ಕು ಬೋಲ್ಟು ಸರಿಹೋಯ್ತಲ್ಲಮ್ಮಾ?"

"ತೂತು ಎಷ್ಟಿದೆ ಅನ್ನೋದು ಒಂದು. ತೂತಿಗೂ ತೂತಿಗೂ ದೂರ ಎಷ್ಟು ಅನ್ನೋದು ಇನ್ನೊಂದು." ಅವಳು ಉಕ್ಕಿನ ಅಳತೆಪಟ್ಟಿಯನ್ನು ಒಂದು ತೂತಿನ ನಡುವಿನಿಂದ ಎದುರಿನ ತೂತಿನ ನಡುವಿಗೆ ಇಟ್ಟಳು. ಆಮೇಲೆ ಕಾರಿನ ಬೋಲ್ಟುಗಳ ಮೇಲೆ ಇಟ್ಟಳು. "ನೀವೇ ಓದಿ."

ಟೈಲರಣ್ಣ ಓದಿದ. ಎರಡು ಮಿಲಿಮೀಟರ್ ವ್ಯತ್ಯಾಸ. ಅವನಿಗೆ ನಗುವೇ ಬಂತು. "ಇಷ್ಟೇನಾ? ಇಷ್ಟಕ್ಕೆ ನಾನು ಹೊಲಿಗೆ ಬಿಚ್ಚೋದೇ ಇಲ್ಲ!"

"ಬಟ್ಟೆ ನಿಮ್ಮ ಮಾತು ಕೇಳುತ್ತೆ ಅಣ್ಣಾ, ಎಳೆದ ಕಡೆ ಬರುತ್ತೆ. ಈ ಚಕ್ರ ಬರಲ್ಲ. ನೀವು ಎಳೆದಾಗ ಬಗ್ಗಿದ್ದು ಬೋಲ್ಟು. ನಡುವಿನ ದೊಡ್ಡ ತೂತು ನೋಡಿ, ಅದೂ ದೊಗಳೆ. ಕಾರಿನ ಕಡೆ ನಡುವೆ ಎದ್ದಿರೋ ಗುಬುಟಿನ ಮೇಲೆ ಬಿಗಿಯಾಗಿ ಕೂರಬೇಕಾದ್ದು ಅಲ್ಲಾಡ್ತಿದೆ. ಅದಕ್ಕೇ ಜೋರಾಗಿ ಹೋದ್ರೆ ಗಡಗಡ ಅನ್ನೋದು." ಅವಳು ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಉಜ್ಜಿದ ಗಾಯ ತೋರಿಸಿದಳು. "ಚಕ್ರದ ಅಗಲವೂ ಜಾಸ್ತಿ. ಕಾರಿನ ಮೇಲೆ ಭಾರ ಬಿದ್ದು ಪೂರ್ತಿ ತಿರುಗಿಸಿದ್ರೆ ಟೈರು ಇಲ್ಲಿಗೆ ತಾಗುತ್ತೆ."

ಕರಕರ ಸದ್ದು ಎಲ್ಲಿಂದ ಬಂತೆಂದು ಟೈಲರಣ್ಣನಿಗೆ ಈಗ ಗೊತ್ತಾಯಿತು.

ಬ್ರೇಕಕ್ಕ ಚಕ್ರವನ್ನು ಮಗುಚಿದಳು. ಒಳಮೈಯಲ್ಲಿ ಅಚ್ಚಿನಲ್ಲೇ ಅಂಕಿಗಳು ಎದ್ದು ಮೂಡಿದ್ದವು. "ಬಟ್ಟೆ ಕೊಳ್ಳುವಾಗ ಒಳಮೈ ನೋಡದೆ ನೀವು ಗೇಣು ಬಟ್ಟೆಯನ್ನೂ ಕೊಳ್ಳಲ್ಲ. ಇದನ್ನ ಮಾತ್ರ ಮುಖ ನೋಡಿ ತಂದ್ರಿ. ಅಗಲ ಎಷ್ಟು, ಎತ್ತರ ಎಷ್ಟು, ಚಕ್ರ ಒಳಕ್ಕೆ ಹೊರಕ್ಕೆ ಎಷ್ಟು ಸರಿದು ಕೂರುತ್ತೆ, ಎಲ್ಲಾ ಇಲ್ಲೇ ಇತ್ತು."

"ಹೀಗೇ ಓಡಿಸಿದ್ರೆ ಏನಾಗ್ತಿತ್ತು?" ಟೈಲರಣ್ಣನ ದನಿ ಸಣ್ಣದಾಗಿತ್ತು.

"ಬಗ್ಗಿ ಬಗ್ಗಿ ಬೋಲ್ಟು ಒಂದು ದಿನ ಮುರಿಯುತ್ತೆ. ಇಲ್ಲಾ ನಟ್ಟು ಸಡಿಲ ಆಗಿ ಚಕ್ರವೇ ಕಳಚುತ್ತೆ. ಅವತ್ತು ಅತ್ತಿಗೆ ಸೇತುವೆ ಮೇಲಿದ್ರೆ?"

ಟೈಲರಣ್ಣ ಮೆಟ್ಟಿಲ ಮೇಲೆ ಕೂತ. ಕಣ್ಣ ಮುಂದೆ ಅತ್ತಿಗೆ, ಅವಳ ಪಕ್ಕದಲ್ಲಿ ಅಕ್ಕ, ಕೆಳಗೆ ನದಿ. ಮುದ್ದಿಗೆಂದು ತಂದದ್ದು ಅವಳ ಜೀವಕ್ಕೇ ಎರವಾಗುತ್ತಿತ್ತಲ್ಲ!

ಎದ್ದು ಒಳಗೆ ಹೋದ. ಅತ್ತಿಗೆ ಕಾಜಾ ಹಾಕುತ್ತಿದ್ದಳು. ಎದುರಿಗೆ ಕೂತು, ಸೂಜಿ ಹಿಡಿದ ಅವಳ ಕೈಯನ್ನು ಹಿಡಿದುಕೊಂಡ.

"ನಿನ್ನ ಕೈ ನಡುಗಲಿಲ್ಲ ಕಣೇ. ಚಕ್ರ ನಡುಗಿದ್ದು. ನಾನು ತಂದಿದ್ದು ಸರಿಯಾದ ಅಳತೆಯದ್ದಲ್ಲ."

ಅತ್ತಿಗೆ ಅವನ ಮುಖವನ್ನೇ ದಿಟ್ಟಿಸಿದಳು. "ನಾನು ಮೂರು ಸಲ ಬಂದು ಹೇಳ್ದೆ. ಒಂದ್ಸಲನಾದ್ರೂ ಚಕ್ರದ ಮೇಲೆ ಅನುಮಾನ ಬರಲಿಲ್ವಾ ನಿಮಗೆ? ನನ್ನ ಮೇಲೇ ಬಂತಾ?"

ಟೈಲರಣ್ಣನಿಗೆ ತಲೆ ಎತ್ತಲಾಗಲಿಲ್ಲ. "ನನ್ನ ಕಣ್ಣಳತೆ ಮೇಲೆ ಅನುಮಾನ ಪಟ್ಟು ನನಗೆ ಅಭ್ಯಾಸ ಇಲ್ಲ. ನಿನ್ನ ಮೇಲೆ ಪಡೋದು ಸುಲಭ ಆಯ್ತು. ತಪ್ಪಾಯ್ತು."

"ತಪ್ಪಾಯ್ತಂತೆ," ಎಂದು ಅತ್ತಿಗೆ ಅತ್ತಳು. ಅಳುತ್ತಲೇ ಅವನ ಕೈಗೊಂದು ಏಟು ಕೊಟ್ಟಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. "ನನಗೂ ಎಷ್ಟು ಬೇಗ ನನ್ನ ಮೇಲೇ ನಂಬಿಕೆ ಹೋಗಿಬಿಟ್ಟಿತು ನೋಡಿ," ಎಂದಳು.

ಮುಂದಿನ ಸಲ ಆ ಹಳೆ ಸಾಮಾನಿನ ಅಂಗಡಿಗೆ ಬ್ರೇಕಕ್ಕನೂ ಸೇರಿ ಮೂವರೂ ಹೋದರು. ಆ ಮಿರುಗುವ ಚಕ್ರಗಳನ್ನು ಹಿಂದಿರುಗಿಸುವ ಮೊದಲು ಟೈಲರಣ್ಣ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಪ್ರತಿಯೊಂದರ ಮೇಲೂ ತೂತುಗಳ ದೂರವನ್ನು ದಪ್ಪಗೆ ಬರೆದ. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಎಂದು.

ಅಂಗಡಿಯವನು ಬೇರೆ ನಾಲ್ಕು ಚಕ್ರ ತೋರಿಸಿದ. "ಇದು ಯಾವ ಕಾರಿಗಾದ್ರೂ ಆಗುತ್ತೆ ಸ್ವಾಮಿ."

"ಎಲ್ಲರಿಗೂ ಆಗೋ ಅಂಗಿ ನಾನು ಇವತ್ತಿನವರೆಗೂ ಹೊಲಿದಿಲ್ಲಪ್ಪ," ಎಂದ ಟೈಲರಣ್ಣ. "ನಮ್ಮ ಕಾರಿನ ಮಾದರಿ ಇದು, ತಯಾರಾದ ವರ್ಷ ಇದು. ಇದಕ್ಕೆ ಯಾವುದು ಹೇಳಿದ್ದಾರೋ ಅದನ್ನ ಕೊಡು. ಮಗುಚಿ ತೋರಿಸು."

ಬ್ರೇಕಕ್ಕ ಮುಖ ತಿರುಗಿಸಿ ನಕ್ಕಳು.

ಕೊನೆಗೆ ಸಿಕ್ಕದ್ದು ಸಾದಾ ಉಕ್ಕಿನ ಚಕ್ರಗಳು. ಹೊಳಪಿಲ್ಲ, ಬಣ್ಣ ಕಪ್ಪು. ಪೆಟ್ಟು ತಿಂದ ಬೋಲ್ಟು ನಟ್ಟುಗಳನ್ನೂ ಹೊಸದಾಗಿ ಹಾಕಿಸಿದರು. ಚಕ್ರ ಬರೀ ಕೈಯಲ್ಲಿ ತಳ್ಳಿದರೆ ಸಪಾಟಾಗಿ ಹೋಗಿ ಕೂತಿತು. ಪಾನ ಬರುವ ಮೊದಲೇ ಕೂತಿತು. ನಟ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಆಮೇಲೆ ಟೈಲರಣ್ಣ, ಬ್ರೇಕಕ್ಕ ಇಬ್ಬರೂ ಭಾರಕ್ಕೆಂದು ಒಳಗೆ ಕೂತು, ಅತ್ತಿಗೆ ಸ್ಟೇರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿದಳು. ಎಲ್ಲೂ ತಾಗಲಿಲ್ಲ. ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿದರು. ಸುತ್ತು ಮುಗಿದರೂ ಅತ್ತಿಗೆ ಇಳಿಯಲೊಲ್ಲಳು. "ಇನ್ನೊಂದು ಸುತ್ತು," ಎಂದಳು.

ಅಕ್ಕನನ್ನು ಕರೆತರಲು ಹೊರಟಾಗ ಅವಳು ಯಾರನ್ನೂ ಜೊತೆಗೆ ಕರೆಯಲಿಲ್ಲ. "ನಾನೊಬ್ಬಳೇ ಹೋಗ್ತೀನಿ ರೀ," ಎಂದಳು. ಟೈಲರಣ್ಣ ಮಿಷನ್ನಿನ ಮುಂದೆ ಕೂತ. ಹೊಲಿದದ್ದು ಏನೂ ಇಲ್ಲ. ದಾರ ಪೋಣಿಸುವುದೂ ಮರೆತು ಮಿಷನ್ನು ತುಳಿಯುತ್ತಿದ್ದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾರು ಬಾಗಿಲಿಗೆ ಬಂತು. ಟೈಲರಣ್ಣ ಮಂಡಿ ನೋವು ಮರೆತು ಓಡಿದ. ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಪಕ್ಕದ ಸೀಟಿನಲ್ಲಿ ಅಕ್ಕ, ತಂಗಿಯ ಭುಜದ ಕಡೆಗೆ ತಲೆ ವಾಲಿಸಿ, ಮಗುವಿನ ಹಾಗೆ ನಿದ್ದೆ ಹೋಗಿದ್ದಳು.

"ಸೇತುವೆಗೆ ಮೊದಲೇ ನಿದ್ದೆ ಬಂತು ರೀ," ಎಂದಳು ಅತ್ತಿಗೆ ಪಿಸುದನಿಯಲ್ಲಿ. "ದಾಟಿದ್ದೇ ಗೊತ್ತಾಗಲಿಲ್ಲ ಅವಳಿಗೆ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರಿಗೂ ಚಕ್ರ ಬದಲಾಯಿಸುವ ಕಾಲ ಬರುತ್ತದೆ. ಹೊಳಪಿಗೆ ಸೋಲಬೇಡಿ. ಚಾಲಕರ ಬಾಗಿಲಿನ ಹತ್ತಿರ ಅಂಟಿಸಿರುವ ಚೀಟಿಯನ್ನೂ ಕಾರಿನ ಜೊತೆ ಬಂದ ಪುಸ್ತಕವನ್ನೂ ಓದಿ, ನಿಮ್ಮ ಮಾದರಿಗೆ ಹೇಳಿದ ಅಳತೆಯನ್ನೇ ಕೇಳಿ. ಬೋಲ್ಟುಗಳ ಸಂಖ್ಯೆ ಹೊಂದಿದರೆ ಸಾಲದು. ಅವುಗಳ ನಡುವಿನ ದೂರ, ನಡುವಿನ ತೂತು, ಚಕ್ರದ ಅಗಲ, ಅದು ಹೊರಬಲ್ಲ ಭಾರ, ಹಾಕುವ ನಟ್ಟು, ಎಲ್ಲವೂ ನಿಮ್ಮ ಕಾರಿನದ್ದೇ ಆಗಿರಬೇಕು. ಬಲವಂತವಾಗಿ ಎಳೆದು ಕೂರಿಸುವ ಚಕ್ರ ನಿಮ್ಮದಲ್ಲ, ಅಂಗಡಿಯಲ್ಲೇ ಬಿಟ್ಟು ಬನ್ನಿ. ಗೊತ್ತಾಗದಿದ್ದರೆ ಬಲ್ಲವರನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ.

ಮತ್ತೆ, ಮನೆಯವರು ಯಾರಾದರೂ ಬಂದು "ಸ್ಟೇರಿಂಗ್ ನಡುಗುತ್ತೆ" ಎಂದರೆ, ಕೆಲಸ ಬಿಟ್ಟು ಎದ್ದು ಹೋಗಿ ಮೊದಲು ಚಕ್ರ ನೋಡಿ. ಅವರ ಕೈಯನ್ನು ಅನುಮಾನಿಸಬೇಡಿ.