ಬಿಗಿದ ಕೆಚ್ಚಲು

ಪೂವಮ್ಮ ಮತ್ತೆ ಎಳೆದಳು. ಎರಡು ಹನಿ ಬಂತು, ನಿಂತಿತು. ಮೊಣಕಾಲುಗಳ ನಡುವಿನ ಬಾಲ್ದಿಯ ತಳ ಇನ್ನೂ ಹೊಳೆಯುತ್ತಿತ್ತು.

"ಹತ್ತು ನಿಮಿಷ ಉಂಟು," ಎಂದರು ಮೇಲ್ವಿಚಾರಕ ತಿರುಮಲೇಶ್ವರ ಭಟ್ಟರು, ಕೈಗಡಿಯಾರದಿಂದ ಕಣ್ಣೆತ್ತದೆ.

ಅರ್ಧ ಬಾಲ್ದಿ ತುಂಬಿದರೆ ಕೊಯಿಲದ ಸರಕಾರಿ ಫಾರ್ಮಿನಲ್ಲಿ ಕೆಲಸ, ಇರಲು ಒಂದು ಕೋಣೆ. ಇವಳ ಜೊತೆ ಬಂದಿದ್ದ ದುಗ್ಗಮ್ಮ ಆಗಲೇ ಬೇರೊಂದು ಹಸುವನ್ನು ಕರೆದು ಮುಗಿಸಿ, ನೊರೆಬಾಲ್ದಿಯ ಪಕ್ಕ ಕೂತಿದ್ದಳು.

"ಎಂತ ಅಕ್ಕ, ಹಾಲು ಕರೆಯುದಾ, ಮಂಗಳಾರತಿ ಎತ್ತುದಾ?" ಕ್ಯಾನು ಹೊರುವ ಮೂಸಕುಂಞಿ ನಕ್ಕ. "ಕೈ ಹಾಗೆ ನಡುಗ್ತದಲ್ಲ!"

"ನೀವು ಸುಮ್ಮನಿರಿ ಮಾರಾಯ್ರೆ," ದುಗ್ಗಮ್ಮ ಗದರಿದಳು. "ಮೊದಲೇ ಹೆದರಿದ ಕೈಗೆ ದನ ಹಾಲು ಕೊಡುದಿಲ್ಲ."

ಒಳ್ಳೆಯದಕ್ಕೇ ಹೇಳಿದ್ದು. ಪೂವಮ್ಮನ ಬೆರಳುಗಳು ಇನ್ನಷ್ಟು ತಣ್ಣಗಾದವು. ಸವಣೂರಿನ ಅಣ್ಣನ ದನದ ಹಟ್ಟಿಯಲ್ಲಿ ಅವಳು ಕಣ್ಣು ಮುಚ್ಚಿ ಕರೆಯುತ್ತಿದ್ದಳು. ಅಲ್ಲಿ ಮೊದಲು ಕರುವನ್ನು ಬಿಡುತ್ತಿದ್ದರು. ಅದು ನಾಲ್ಕು ಗುಟುಕು ಕುಡಿದು, ಹಸು ಅದನ್ನು ನೆಕ್ಕುತ್ತ ತೊರೆ ಬಿಟ್ಟು ಹಾಲಿಳಿಸಿದ ಮೇಲೆ ಎಳೆದು ಕಟ್ಟುತ್ತಿದ್ದರು.

"ಕರುವನ್ನು ಒಮ್ಮೆ ಬಿಡುದಾ?" ಅವಳು ಕೇಳಿದಳು.

"ಇಲ್ಲಿ ಕರುಗಳದ್ದು ಬೇರೆಯೇ ಹಟ್ಟಿ. ಕರು ಇಲ್ಲದೆ ಕರೆಯುದೇ ಪರೀಕ್ಷೆ ಅಮ್ಮ," ಎಂದರು ಭಟ್ಟರು.

ಪೂವಮ್ಮನ ತೀರಿಹೋದ ಗಂಡನ ಮನೆ ಸುಳ್ಯದಲ್ಲಿತ್ತು; ಮಗಳು ದಮಯಂತಿ ಅಲ್ಲೇ ಇದ್ದಳು. ನಿನಗೊಂದು ಸೂರು ಆದ ದಿನ ಬಂದು ಮಗಳನ್ನು ಕರಕೊಂಡು ಹೋಗು ಎಂದು ಮಾವ ಐದು ನಯಾಪೈಸೆಯ ಅಂಚೆ ಕಾರ್ಡಿನಲ್ಲಿ ಬರೆಸಿದ್ದರು. ಕಾರ್ಡು ರವಿಕೆಯೊಳಗಿತ್ತು. ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು.

"ಆರು ನಿಮಿಷ."

ಹಸು ಕತ್ತು ತಿರುಗಿಸಲು ನೋಡಿತು. ಹಗ್ಗ ಗಿಡ್ಡವಾಗಿತ್ತು, ಬಿಗಿಯಿತು. ಮೂಗಿನ ಹೊಳ್ಳೆಗಳು ಅವಳ ಕಡೆಗೆ ಅರಳಿದವು. ನಾಲಗೆ ಒಮ್ಮೆ ಹೊರಗೆ ಬಂದು ಗಾಳಿಯನ್ನು ನೆಕ್ಕಿ ಒಳಗೆ ಹೋಯಿತು.

ಪೂವಮ್ಮ ಎಳೆಯುವುದನ್ನು ನಿಲ್ಲಿಸಿದಳು. "ಹಗ್ಗ... ಸ್ವಲ್ಪ ಸಡಿಲ ಮಾಡಿ."

"ಹಾಯುವ ದನ ಅದು," ಮೂಸಕುಂಞಿ ಈಗ ನಗಲಿಲ್ಲ. "ಮೊನ್ನೆ ಒಬ್ಬನ ಪಕ್ಕೆಗೆ ತಿವಿದಿದೆ."

ಭಟ್ಟರು ಗಡಿಯಾರದಿಂದ ತಲೆಯೆತ್ತಿದರು.

"ಮಾಡಿ," ಎಂದಳು ಪೂವಮ್ಮ. ಸ್ವರ ತನ್ನದಲ್ಲವೆನಿಸಿತು.

ಹಗ್ಗ ಸಡಿಲವಾಯಿತು. ಕೊಂಬು ಅವಳ ಕಿವಿಯ ಪಕ್ಕಕ್ಕೆ ಬಂತು. ಏಳಬೇಕೆನಿಸಿತು, ಏಳಲಿಲ್ಲ. ಕಣ್ಣು ಮುಚ್ಚಿದಳು. ಬಿಸಿಯುಸಿರು. ಆಮೇಲೆ ಬೆವರಿನಿಂದ ತೊಯ್ದ ಭುಜದ ಮೇಲೆ ಒರಟು ನಾಲಗೆ, ಒಮ್ಮೆ, ಇನ್ನೊಮ್ಮೆ, ಭುಜದಿಂದ ಕುತ್ತಿಗೆಗೆ, ಉಪ್ಪು ಹುಡುಕುತ್ತ.

"ನಂಗೂ ಹೆದ್ರಿಕೆ ಉಟ್ಟಮ್ಮ," ಅವಳು ಮನೆಯ ಅರೆಭಾಷೆಯಲ್ಲಿ, ಹಸುವಿಗೆ ಮಾತ್ರ ಕೇಳುವಂತೆ ಹೇಳಿದಳು.

ಅಂಗೈಯೊಳಗೆ ಕೆಚ್ಚಲ ಮೊಲೆ ನಿಧಾನವಾಗಿ ಮೆದುವಾಯಿತು, ತುಂಬಿಕೊಂಡಿತು.

ಮೊದಲ ಧಾರೆ ಓರೆಯಾಗಿ ಹೊರಟು ಅವಳ ಪಾದದ ಮೇಲೆ ಬಿತ್ತು, ಬೆಚ್ಚಗೆ. ಎರಡನೆಯದು ಬಾಲ್ದಿಯ ತಗಡಿಗೆ ಬಡಿಯಿತು. ಹಸು ನೆಕ್ಕುತ್ತಲೇ ಇತ್ತು. ಕೊಂಬು ಇನ್ನೂ ಕಿವಿಯ ಪಕ್ಕದಲ್ಲೇ ಇತ್ತು.