ಹೂಂ ಅಂದರೆ ಸಾಲದು

ಗಂಡಸರ ವಾರ್ಡಿಗೆ ಸಿಸ್ಟರ್ ಇಂದ್ರಮ್ಮ ಬಂದಮೇಲೆ ಮಂಚದ ನಂಬರು ಕೂಗುವುದು ನಿಂತು, ಆಕೆಗೆ ಬೈಗುಳ ಶುರುವಾಯಿತು. ಹಿಂದಿನ ತಿಂಗಳು ಒಬ್ಬನ ಮದ್ದು ಇನ್ನೊಬ್ಬನಿಗೆ ಚುಚ್ಚಿ ಪ್ರಾಣ ಹೋಗಿತ್ತು. ಅದಕ್ಕೇ ಆಕೆಯ ಕಟ್ಟಪ್ಪಣೆ: ಹೆಸರು ಕೇಳದೆ ಸೂಜಿ ಇಲ್ಲ.

"ತಮ್ಮ ನಾಮಧೇಯವೇನಪ್ಪಾ?" ಕಾಂಪೌಂಡರ್ ಗೋವಿಂದರಾಜು ಸೊಂಟಕ್ಕೆ ಕೈಯಿಟ್ಟು, ಆಕೆಯ ಹಾಗೇ ಮೂಗಿನಲ್ಲಿ ಎಳೆಯುತ್ತಿದ್ದ. "ನಾಮ ಕೇಳಿ ಕೇಳಿ ನಮಗೇ ನಾಮ ಹಾಕ್ತಾಳೆ ಕಣ್ರಯ್ಯ!" ವಾರ್ಡಿಗೆ ವಾರ್ಡೇ ಕೆಮ್ಮಿ ಕೆಮ್ಮಿ ನಗುತ್ತಿತ್ತು. ಇಂದ್ರಮ್ಮನಿಗೆ ಮೈ ಉರಿಯುತ್ತಿತ್ತು.

ಆ ಸಂಜೆ ಬೆಟ್ಟಯ್ಯನನ್ನು ಹೊತ್ತು ತಂದರು. ಲಷ್ಕರ್ ಮೊಹಲ್ಲಾದಲ್ಲಿ ಯಾರೋ ಪೆನಿಸಿಲಿನ್ ಚುಚ್ಚಿ, ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು. ಇನ್ನೊಂದು ಸಲ ಅದೇ ಮದ್ದು ಹೋದರೆ ಉಳಿಯೋಲ್ಲ ಎಂದರು ಡಾಕ್ಟರು. ಆದರೆ ಅವನ ಹೆಂಡತಿ ತಿಮ್ಮಮ್ಮನಿಗೆ ಕಂಡದ್ದು ಒಂದೇ: ಗಂಡನ ತಲೆ ಉತ್ತರಕ್ಕಿದೆ! ಬೆಳಗಾಗುತ್ತಲೇ ಎದುರು ಸಾಲಿನಲ್ಲಿ ದಕ್ಷಿಣಕ್ಕೆ ತಲೆಯಿಟ್ಟಿದ್ದ ರಾಮಯ್ಯನ ಕೈಕಾಲು ಹಿಡಿದು, ಯಾರಿಗೂ ಹೇಳದೆ ಮಂಚ ಬದಲಾಯಿಸಿಕೊಂಡಳು. ರಾಮಯ್ಯ ಅಂಗಳದಲ್ಲಿ ಬಿಸಿಲು ಕಾಯಿಸಲು ಹೋದ.

ರಾಮಯ್ಯನ ಕಾಲಹುಣ್ಣಿಗೆ ದಿನಾ ಪೆನಿಸಿಲಿನ್. ಗೋವಿಂದರಾಜು ಸಿರಿಂಜು ಹಿಡಿದು ಅವನ ಮಂಚಕ್ಕೇ ಬಂದ. ಕಂಬಳಿಯೊಳಗೆ ಬೆಟ್ಟಯ್ಯ ಮಾತಿಲ್ಲದೆ ನರಳುತ್ತಿದ್ದ.

"ತಡೀರಿ," ಎಂದಳು ಇಂದ್ರಮ್ಮ. "ಏನಮ್ಮ ಇವರ ಹೆಸರು?"

"ಅಯ್ಯೋ, ಯಜಮಾನ್ರ ಹೆಸರ ಎಂಗೆ ಹೇಳನವ್ವ? ಆಯಸ್ಸು ತಗ್ಗೋಯ್ತದೆ."

"ರಾಮಯ್ಯ ಅಲ್ವೇನಮ್ಮ?" ಎಂದ ಗೋವಿಂದರಾಜು. "ಹೂಂ ಅಂದ್ಬುಡು, ಸಾಕು."

ಅದಲುಬದಲು ಗೊತ್ತಾದರೆ ಮತ್ತೆ ಉತ್ತರದ ತಲೆ. ತಿಮ್ಮಮ್ಮ ನೆಲ ನೋಡಿಕೊಂಡು, "ಹೂಂ," ಎಂದಳು.

"ಹೂಂ ಬೇಡ. ನಿನ್ನ ಬಾಯಲ್ಲಿ ಹೆಸರು ಬರಲಿ."

"ಇದೇನು ಆಸ್ಪತ್ರೆಯೋ ಪೊಲೀಸ್ ಠಾಣೆಯೋ?" ಗೋವಿಂದರಾಜು ಸೂಜಿ ಎತ್ತಿದ. ಇಂದ್ರಮ್ಮ ಅವನ ಮಣಿಕಟ್ಟನ್ನೇ ಹಿಡಿದಳು. ಸುತ್ತಲಿನ ಮಂಚಗಳಿಂದ ಛೀಮಾರಿ.

"ಹೆಸರಿಲ್ಲ ಅಂದ್ರೆ ಮದ್ದೂ ಇಲ್ಲ."

"ಕೊಲ್ತಾಳಲ್ಲಪ್ಪೋ, ಮುಂಡೆ! ಬೆಟ್ಟಯ್ಯ! ತಗೋ, ಬೆಟ್ಟಯ್ಯ! ಆಯ್ತಾ ನಿನ್ನ ಹೊಟ್ಟೆ ತಣ್ಣಗೆ?" ಎಂದು ಚೀರಿದಳು ತಿಮ್ಮಮ್ಮ.

ಗೋವಿಂದರಾಜುವಿನ ಮುಖ ಸುಣ್ಣವಾಯಿತು. "ಮಂಚ ಬದಲಾಯಿಸಿದ್ದು ಅವರು. ನನಗೇನು ಕನಸು ಬೀಳ್ತದಾ?" ಎಂದು ಗೊಣಗಿ ಹಿಂದೆ ಸರಿದ.

ಆ ಸೂಜಿಯಲ್ಲಿ ಏನಿತ್ತೆಂದು ಇಂದ್ರಮ್ಮ ಬಿಡಿಸಿ ಹೇಳಿದಳು. ತಿಮ್ಮಮ್ಮ ಕೇಳಿಸಿಕೊಳ್ಳಲಿಲ್ಲ, ತಾಳಿಯನ್ನು ಕಣ್ಣಿಗೊತ್ತಿಕೊಂಡು ಅಳುತ್ತಿದ್ದಳು.

"ಸೂಜಿ ಏನು ಮಾಡ್ತಿತ್ತೋ ದೇವ್ರಿಗೆ ಗೊತ್ತು. ನೀನಂತೂ ನನ್ನ ಬಾಯಿಂದ್ಲೇ ಅವ್ರ ಆಯಸ್ಸು ಕಿತ್ತೆ. ಮುಟ್ಬ್ಯಾಡ ಅವ್ರನ್ನ!"

ನಾಡಿ ನೋಡಲು ಚಾಚಿದ ಕೈಯನ್ನು ಅವಳು ತಳ್ಳಿದಳು. ಇಂದ್ರಮ್ಮ ಮತ್ತೆ ಚಾಚಿದಳು.