ಎದ್ದು ಬಂದ ಮುಖಂಡ

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಮುಖಂಡ ಸ್ವಲ್ಪ ತಡೆದ. ಹಿಂದಿನಿಂದ ಯಾರೂ ಕರೆಯಲಿಲ್ಲ. ಕುರ್ಚಿಯನ್ನು ಕಿರ್ರೆನ್ನುವಂತೆ ಹಿಂದಕ್ಕೆ ತಳ್ಳಿದ್ದಾಗಿತ್ತು, ಮೇಜು ಗುದ್ದಿದ್ದಾಗಿತ್ತು, "ಇಂಥಾ ಮಾತುಕತೆ ನಮ್ಮ ಸಂಘಕ್ಕೆ ಬೇಕಾಗಿಲ್ಲ" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದ್ದೂ ಆಗಿತ್ತು. ಇನ್ನು ಉಳಿದದ್ದೆಂದರೆ ಮ್ಯಾನೇಜರ್ ಎದ್ದು ಬಂದು ತೋಳು ಹಿಡಿದುಕೊಳ್ಳುವುದು. ಹೊಸ ಮ್ಯಾನೇಜರ್ ಏಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಇವನ ಬೆನ್ನು ನೋಡುತ್ತ ಕೂತಿದ್ದ. ಮುಖಂಡ ಹಿಡಿಯನ್ನು ಅತ್ತಿತ್ತ ತಿರುಗಿಸಿ, ಅದು ಬಿಗಿಯಾಗಿದೆ ಎನ್ನುವ ಹಾಗೆ ಒಂದಿಷ್ಟು ಒದ್ದಾಡಿದ. ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಹೊರಗೆ ಹೋಗದೆ ವಿಧಿಯಿರಲಿಲ್ಲ.

ಹಳೆಯ ಮ್ಯಾನೇಜರ್ ಇದ್ದಷ್ಟು ಕಾಲ ಹೀಗಾದದ್ದಿಲ್ಲ. ಇವನ ಕೈ ಬಾಗಿಲಿಗೆ ತಾಗುವ ಮೊದಲೇ ಆ ಮುದುಕ, "ಏನ್ ಲೀಡ್ರೇ ಇದು, ಮನೆಯವರ ಮೇಲೆ ಯಾರಾದ್ರೂ ಇಷ್ಟು ಕೋಪ ಮಾಡ್ಕೋತಾರಾ" ಎಂದು ಓಡಿಬರುತ್ತಿದ್ದ. ಇವನು ಮುನಿದ ಬೀಗರ ಹಾಗೆ ಬೇಡ ಬೇಡ ಎನ್ನುತ್ತಲೇ ವಾಪಸ್ಸು ಬಂದು ಕೂರುತ್ತಿದ್ದ. ಚಹಾ ಬರುತ್ತಿತ್ತು. ಕೊಡುವುದೆಷ್ಟು ಎನ್ನುವುದು ಇಬ್ಬರಿಗೂ ಹಿಂದಿನ ದಿನವೇ ಗೊತ್ತಿರುತ್ತಿತ್ತು. ಕಂಪನಿ ಕೊಡಬೇಕೆಂದಿದ್ದಷ್ಟನ್ನೇ ಕೊಡುತ್ತಿತ್ತು. ಗೇಟಿನಲ್ಲಿ ಮಾತ್ರ, "ನಮ್ ಲೀಡರು ಎದ್ದು ಬಂದೇಬಿಟ್ರಂತೆ, ಮ್ಯಾನೇಜರ್ ಕಾಲಿಗೆ ಬೀಳೋದೊಂದು ಬಾಕಿ ಅಂತೆ" ಎಂದು ಸುದ್ದಿಯಾಗುತ್ತಿತ್ತು. ಅಷ್ಟು ವರ್ಷ ಸಂಘ ನಡೆಸಿ ಅವನು ಕಲಿತ ವಿದ್ಯೆ ಏಳುವುದೊಂದೇ. ಕೂತು ಮಾತಾಡುವುದನ್ನು ಕಲಿಯುವ ಗರಜು ಬಿದ್ದಿರಲಿಲ್ಲ.

ಆದರೂ ಪೂರ್ತಿ ಪೆದ್ದನಲ್ಲ. ಏಳುವಾಗ ಕನ್ನಡಕವನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟಿದ್ದ. ಮ್ಯಾನೇಜರ್ ಕರೆಯದಿದ್ದರೆ ಕನ್ನಡಕವಾದರೂ ಕರೆಯಲಿ ಎಂದು.

ಹೊರಗಿನ ಓಣಿಯಂಥ ಜಾಗದಲ್ಲಿ ಗೋಡೆಗೆ ಒತ್ತಿದಂತೆ ಒಂದು ಬೆಂಚು. ಅದರ ಮೇಲೆ ಕಾಜಾ ಅಕ್ಕ ಕೂತಿದ್ದಳು. ಪಕ್ಕದಲ್ಲಿ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಅತ್ತೆ. ಹೊಲಿಗೆ ಕಾರ್ಖಾನೆಯ ಮೂರನೇ ಸಾಲಿನಲ್ಲಿ ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಹಾಕುವ ಮಿಷನ್ನು ಅಕ್ಕನದು. ಅದಕ್ಕೇ ಆ ಹೆಸರು. ಹೋದ ತಿಂಗಳು ಅವಸರದ ಆರ್ಡರು ಬಂದಾಗ, ಹೆಂಗಸರು ಪದೇ ಪದೇ ಏಳುತ್ತಾರೆಂದು ಸೂಪರ್‌ವೈಸರ್ ಪಾಯಿಖಾನೆಯ ಕಡೆಯ ಬಾಗಿಲಿಗೆ ಬೀಗ ಜಡಿದು ಬೀಗದಕೈಯನ್ನು ಜೇಬಿಗೆ ಹಾಕಿಕೊಂಡಿದ್ದ. ಬಸುರಿ ಹುಡುಗಿಯೊಬ್ಬಳು ಕೇಳಿ ಕೇಳಿ ಕೊನೆಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತಳು. ಕಾಜಾ ಅಕ್ಕ ಎದ್ದು, ಮೇಜಿನ ಮೇಲಿದ್ದ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಹೋಗಿ, ಅದರಿಂದಲೇ ಬೀಗ ಒಡೆದಳು. ಅವತ್ತಿನಿಂದ ಅವಳಿಗೆ ಕೆಲಸವಿಲ್ಲ. ಮತ್ತೆ ಒಳಗೆ ಸೇರಿಸಿಕೊಳ್ಳಬೇಕೋ, ಪೂರ್ತಿ ತೆಗೆದುಹಾಕಬೇಕೋ ಎನ್ನುವುದು ಈಗ ಇತ್ಯರ್ಥವಾಗಬೇಕಿತ್ತು. ಅವಳ ಪರ ಮಾತಾಡಬೇಕಾದ ಬಾಯಿ ಓಣಿಯಲ್ಲಿ ನಿಂತಿತ್ತು.

"ಏನಪ್ಪಾ ಲೀಡ್ರೇ," ಅತ್ತೆ ಕೇಳಿದಳು, "ಇಷ್ಟು ಬೇಗ ಗೆದ್ದುಬಿಟ್ರಾ?"

"ಎದ್ದು ಬಂದಿದೀನಿ ಅಜ್ಜಿ. ಸ್ವಲ್ಪ ಬೆವರಲಿ ಅವರು."

"ಒಳಗೆ ಎ.ಸಿ. ಇದೆಯಲ್ಲಪ್ಪ. ಬೆವರ್ತಾ ಇರೋದು ನಾವು."

ಮುಖಂಡ ಕೇಳಿಸದವನಂತೆ ಬೆಂಚಿನ ತುದಿಯಲ್ಲಿ ಕೂತ. ಕಾಜಾ ಅಕ್ಕ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು, "ಅವತ್ತು ಆಗಿದ್ದೆಲ್ಲ ಹೇಳಿದ್ರಾ ಅಣ್ಣ? ಬೀಗದಕೈ ಅವನ ಜೇಬಲ್ಲೇ ಇತ್ತು ಅಂತ?"

"ಅದೆಲ್ಲ ಹೇಳೋ ಹಂತ ಇನ್ನೂ ಬಂದಿರಲಿಲ್ಲಮ್ಮ."

ಬಂದಿತ್ತು. ಸಂಘದ ಕೋಣೆಗೆ ಫ್ಯಾನು ಬೇಕೆಂದು, ಗೇಟಿನ ಬಳಿ ಬೋರ್ಡಿಗೆ ಜಾಗ ಬೇಕೆಂದು, ಆ ಬೋರ್ಡಿನ ಅಕ್ಷರ ಯಾವ ಬಣ್ಣದ್ದಿರಬೇಕೆಂದು ಇವನು ಬೆಳಗ್ಗೆಯಿಂದ ಕೊರೆದಿದ್ದ. ಅದನ್ನೆಲ್ಲ ಕೇಳಿ ಮುಗಿಸಿ ಹೊಸ ಮ್ಯಾನೇಜರ್, "ಆಯ್ತು, ಆ ಹೆಂಗಸಿನ ವಿಷಯಕ್ಕೆ ಬರೋಣ. ಅವತ್ತು ನಿಜವಾಗಿ ಏನಾಯ್ತು, ನೀವೇ ಹೇಳಿ" ಎಂದಿದ್ದ. ಮುಖಂಡನಿಗೆ ಗೊತ್ತಿರಲಿಲ್ಲ. ತಿಂಗಳಿಡೀ ಅವಳನ್ನು ಕೂರಿಸಿಕೊಂಡು ಒಂದು ಮಾತು ಕೇಳಿರಲಿಲ್ಲ. ಬೀಗ ಎಂದಷ್ಟೇ ಗೊತ್ತು, ಯಾವ ಬಾಗಿಲಿನದು ಎಂದು ಕೂಡ ಗೊತ್ತಿಲ್ಲ. ಆಗ ಮೇಜು ಗುದ್ದಿ ಎದ್ದಿದ್ದ.

ಬಾಗಿಲು ತೆರೆಯಿತು. ಮುಖಂಡ ಮುಖವನ್ನು ಗಂಟು ಹಾಕಿಕೊಂಡು, ಕರೆದರೂ ಬರುವವನಲ್ಲ ಎನ್ನುವ ಹಾಗೆ ಕಿಟಕಿಯ ಕಡೆ ತಿರುಗಿದ. ಬಂದವನು ಸಂಘದ ಖಜಾಂಚಿ. ಇವನು ಎದ್ದಾಗ ಅವನು ಎದ್ದಿರಲಿಲ್ಲ. ಸಮಾಧಾನ ಮಾಡುವ ಪಾಲು ಅವನದೆಂದು ಮೊದಲಿನಿಂದಲೂ ನಿಗದಿಯಾಗಿತ್ತು. ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ ಇತ್ತು.

"ಸಾರ್, ಕನ್ನಡಕ," ಎಂದ. "ಮ್ಯಾನೇಜರ್ ಕೊಟ್ಟು ಕಳಿಸಿದ್ರು. ಮೆಟ್ಟಿಲು ಇಳಿಯೋವಾಗ ಕಣ್ಣು ಕಾಣಬೇಕಲ್ಲ ಅಂದ್ರು."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು.

"ಮತ್ತೆ?" ಮುಖಂಡ ಹಲ್ಲು ಕಚ್ಚಿ ಕೇಳಿದ.

"ಊಟದ ಗಂಟೆ ಹೊಡೆಯೋ ತನಕ ಕೂತಿರ್ತಾರಂತೆ. ಅಷ್ಟರಲ್ಲಿ ನೀವು ಬಂದು ಮಾತಾಡಿದ್ರೆ ಸರಿ. ಇಲ್ದಿದ್ರೆ ಅಕ್ಕನ್ನ ತೆಗೆದುಹಾಕೋ ಕಾಗದಕ್ಕೆ ಸಹಿ ಮಾಡ್ತಾರಂತೆ. ಅಕ್ಕನ ಪರ ಹೇಳೋರು ಯಾರೂ ಇಲ್ಲವಲ್ಲ ಅಂತಾರೆ."

"ನನ್ನ ಕರೆದ್ರಾ?"

"ಬಂದ್ರೆ ಮಾತಾಡ್ತಾರಂತೆ."

"ಲೋ, ಅದಲ್ಲ ಕಣೋ. ಕರೆದ್ರಾ?"

ಖಜಾಂಚಿ ಮೀಸೆ ಒರೆಸಿಕೊಂಡ. "ಕರೀಲಿಲ್ಲ."

"ಹಂಗಾದ್ರೆ ನಾನು ಹೋಗಲ್ಲ. ಇಷ್ಟು ವರ್ಷ ಉಳಿಸಿಕೊಂಡು ಬಂದ ಮರ್ಯಾದೆ ಇದು. ನನ್ನೊಬ್ಬನದಲ್ಲ, ಸಂಘದ್ದು."

ಕಾಜಾ ಅಕ್ಕ ಅವನ ಮುಖ ನೋಡಿದಳು. ಅರಿವೆ ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ.

"ಅಣ್ಣ, ಬಾಗಿಲು ತೆಗೆದು ಒಳಗೆ ಹೋಗೋದಷ್ಟೇ. ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ."

"ನೀನು ಸುಮ್ನಿರಮ್ಮ. ಇದು ಹೋರಾಟ. ನಿನಗೆ ತಿಳಿಯಲ್ಲ. ನಾನಾಗೇ ಹೋದ್ರೆ ನಾಳೆ ಆ ಮನುಷ್ಯ ನಮ್ಮನ್ನ ಮೂರು ಕಾಸಿಗೆ ಕೇಳಲ್ಲ."

"ಈಗೆಷ್ಟಕ್ಕೆ ಕೇಳ್ತಿದಾನಪ್ಪ?" ಎಂದಳು ಅತ್ತೆ. ಆಮೇಲೆ ಸೊಸೆಯ ಮೊಣಕೈಗೆ ತಿವಿದಳು. "ಏಳೇ. ಇವರು ಕೂತಿರಲಿ, ಬೆಂಚು ಗಟ್ಟಿ ಇದೆ."

ಕಾಜಾ ಅಕ್ಕ ಎದ್ದಳು. ಚಪ್ಪಲಿಯನ್ನು ಬೆಂಚಿನ ಕೆಳಗೆ ಬಿಟ್ಟಳು, ಯೋಚಿಸಿ ಮತ್ತೆ ಹಾಕಿಕೊಂಡಳು.

"ಏಯ್, ನೀನು ಹೋಗಂಗಿಲ್ಲ!" ಮುಖಂಡ ಅರ್ಧ ಎದ್ದ. "ಪದಾಧಿಕಾರಿಗಳು ಬಿಟ್ಟು ಬೇರೆಯವರು ಮಾತಾಡೋ ಪದ್ಧತಿ ಇಲ್ಲ."

"ಹೌದಣ್ಣ," ಎಂದು ಅವಳು ಒಳಗೆ ಹೋದಳು.

ಬಾಗಿಲಿನಲ್ಲಿ ಅಂಗೈ ಅಗಲದ ಗಾಜಿತ್ತು. ಖಜಾಂಚಿ ಮೊದಲು ಇಣುಕಿದ, ಆಮೇಲೆ ಅತ್ತೆ. ಮುಖಂಡ ಕೂತಲ್ಲಿಂದಲೇ ಕುತ್ತಿಗೆ ಉದ್ದ ಮಾಡಿದ. ಒಳಗೆ ಮ್ಯಾನೇಜರ್ ಕೈ ತೋರಿಸಿದ. ಹಿಂದಕ್ಕೆ ತಳ್ಳಿದ್ದ ಕುರ್ಚಿಯನ್ನು ಅವಳು ಸದ್ದಿಲ್ಲದೆ ಎತ್ತಿ ಮೇಜಿನ ಹತ್ತಿರ ಇಟ್ಟುಕೊಂಡು ಕೂತಳು. ಅವಳ ಬಾಯಿ ಅಲ್ಲಾಡುವುದು ಕಾಣುತ್ತಿತ್ತು. ಒಮ್ಮೆ ಬೀಗದ ಗಾತ್ರ ಇಷ್ಟು ಎಂದು ಬೆರಳಿನಲ್ಲಿ ತೋರಿಸಿದಳು. ಮ್ಯಾನೇಜರ್ ಏನೋ ಕೇಳಿದ, ಅವಳು ತಲೆ ಅಲ್ಲಾಡಿಸಿ ಇಲ್ಲ ಎಂದಳು. ಅವನು ಮತ್ತೇನೋ ಕೇಳಿದ. ಅವಳು ಮೇಜನ್ನು ನೋಡುತ್ತಿದ್ದು, ಕೊನೆಗೆ ಹೂಂ ಎಂದಳು.

ಹೊರಗೆ ಬಂದಾಗ ಅವಳ ಮೇಲ್ತುಟಿಯ ಮೇಲೆ ಬೆವರಿತ್ತು.

"ಬಾಗಿಲಿಗೆ ಇನ್ನು ಬೀಗ ಹಾಕಲ್ಲವಂತೆ," ಎಂದಳು ಅತ್ತೆಗೆ. "ನನ್ನೂ ಸೇರಿಸ್ಕೋತಾರೆ. ಮಿಷನ್ನು ಇಲ್ಲ. ದಾರ ಕತ್ತರಿಸೋ ಮೇಜಿಗೆ ಹಾಕ್ತಾರೆ. ಊಟದ ಬಿಡುವು ಮುಗಿದ ಕೂಡ್ಲೇ ಕೆಲಸಕ್ಕೆ ಕೂರ್ಬೇಕಂತೆ."

ಹನ್ನೆರಡು ವರ್ಷ ಮಿಷನ್ನು ನಡೆಸಿದ ಕೈಗೆ, ಹೊಸದಾಗಿ ಸೇರುವ ಹುಡುಗಿಯರು ಮಾಡುವ ಕೆಲಸ. ಅತ್ತೆ ಅವಳ ಬೆನ್ನು ಸವರಿದಳು.

"ಮಿಷನ್ನು ಬಿಟ್ಟುಕೊಟ್ಟುಬಿಟ್ಯಾ?" ಮುಖಂಡ ಹಣೆ ಬಡಿದುಕೊಂಡ. "ಅದಕ್ಕೇ ಹೇಳಿದ್ದು! ನಾನಿದ್ದಿದ್ರೆ..."

ಯಾರೂ ಅವನ ಕಡೆ ನೋಡಲಿಲ್ಲ. ವಾಕ್ಯವನ್ನು ಅಲ್ಲೇ ಬಿಟ್ಟ. ಕೆಳಗೆ ಗಂಟೆ ಹೊಡೆಯಿತು. ಮುಖಂಡ ಕನ್ನಡಕ ಏರಿಸಿಕೊಂಡ, ಕಾಲರ್ ನೆಟ್ಟಗೆ ಮಾಡಿಕೊಂಡ, ಖಜಾಂಚಿಗೆ ಕಣ್ಣಿನಲ್ಲೇ ಸನ್ನೆ ಮಾಡಿ ಎಲ್ಲರಿಗಿಂತ ಮುಂದೆ ಮೆಟ್ಟಿಲು ಇಳಿದ. ಇಳಿಯುವಾಗ ಒಂದು ಮೆಟ್ಟಿಲೂ ತಪ್ಪಲಿಲ್ಲ.

ಗೇಟಿನ ಹೊರಗೆ ಡಬ್ಬಿ ಬಿಚ್ಚುತ್ತಿದ್ದ ಹೆಂಗಸರು, ಬೀಡಿ ಹಚ್ಚುತ್ತಿದ್ದ ಗಂಡಸರು ತಲೆಯೆತ್ತುವಷ್ಟರಲ್ಲಿ ಅವನು ಕಟ್ಟೆ ಹತ್ತಿ ಕೈ ಎತ್ತಿದ್ದ.

"ಎದ್ದು ಬಂದೆ!" ಎಂದು ಗುಡುಗಿದ. "ಮುಖಕ್ಕೆ ಹೇಳಿ ಎದ್ದು ಬಂದೆ! ಏನಾಯ್ತು? ನಮ್ಮ ಅಕ್ಕ ಒಳಗೆ, ಅವರ ಬೀಗ ಹೊರಗೆ!"

"ಸಂಘಕ್ಕೆ..." ಖಜಾಂಚಿ ಕೂಗಿದ. "ಜಯವಾಗಲಿ!" ಎಂದಿತು ಜನ. ಬಸುರಿ ಹುಡುಗಿಯೂ ಕೂಗಿದಳು. ಯಾರೋ ಮುಖಂಡನ ಕಾಲಿನ ಧೂಳು ಒರೆಸುವವರ ಹಾಗೆ ಬಾಗಿ ಕಟ್ಟೆಯ ಮೇಲಿನ ಡಬ್ಬಿ ಸರಿಸಿದರು.

ಅತ್ತೆ ಬಾಯಿ ತೆರೆದಳು. ಕಾಜಾ ಅಕ್ಕ ಅವಳ ಕೈ ಒತ್ತಿದಳು.

"ಬಿಡಿ ಅತ್ತೆ."

"ಬಿಡಬೇಕಾ? ಆ ಬೆಂಚಿನ ಮೇಲೆ ಕೂತು ಕೂತು ಕಾಲು ಜೋಮು ಹಿಡಿದಿದ್ದ ಗಂಡು ಅದು!"

"ಈಗ ಹೇಳಿದ್ರೆ ಜಗಳ ಆಗುತ್ತೆ. ಜಗಳ ಆದ್ರೆ ಇವತ್ತು ಕೂರೋಕಾಗಲ್ಲ. ಮೊದಲು ಕೂರ್ತೀನಿ." ಅವಳು ಡಬ್ಬಿಯಿಂದ ಎರಡು ತುತ್ತು ನಿಂತಲ್ಲೇ ತಿಂದು, ನಲ್ಲಿಯಲ್ಲಿ ಕೈ ತೊಳೆದು, ಗುಂಪಿನ ಅಂಚಿನಲ್ಲೇ ಒಳಗೆ ಹೋದಳು.

ಭಾಷಣ ಏರುತ್ತಿತ್ತು. ಮ್ಯಾನೇಜರ್ ಹಿಂದೆ ಹಿಂದೆ ಓಡಿಬಂದದ್ದು, ಇವನು ಕೈ ಕೊಡವಿದ್ದು, ಕನ್ನಡಕ ಕೂಡ ಅಲ್ಲೇ ಬಿಟ್ಟು ಬಂದಾಗ ಅವರೇ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟದ್ದು. "ಬಾರಮ್ಮ, ನಮ್ಮ ವೀರ ಹೆಣ್ಣು, ಮೇಲೆ ಬಂದು ಎರಡು ಮಾತಾಡು" ಎಂದು ಅವನು ಗುಂಪಿನಲ್ಲಿ ಕಣ್ಣಾಡಿಸುವಾಗ ಎರಡನೇ ಗಂಟೆ ಹೊಡೆಯಿತು. ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಜನ ಡಬ್ಬಿ ಮುಚ್ಚಿ, ಬೀಡಿ ನಂದಿಸಿ, ಬಾಯಿ ಒರೆಸಿಕೊಂಡು ನುಗ್ಗಿದರು. ಖಜಾಂಚಿಯೂ ಹೋದ. ಕಾವಲುಗಾರ ಗೇಟು ಎಳೆದ.

ಮುಖಂಡನ ಕೈ ಇನ್ನೂ ಮೇಲಿತ್ತು. ಅದನ್ನು ಇಳಿಸುವ ದಾರಿಯಲ್ಲಿ ಕೂದಲು ಸವರಿಕೊಂಡ. ಒಳಗೆ ಒಂದೊಂದೇ ಮಿಷನ್ನು ಶುರುವಾಗಿ ಎಲ್ಲ ಸೇರಿ ಒಂದೇ ಸದ್ದಾಯಿತು. ಅತ್ತೆ ಮೋರಿಯ ಕಲ್ಲಿನ ಮೇಲೆ ಕೂತು, ಸೊಸೆ ಉಳಿಸಿಹೋದದ್ದನ್ನು ನಿಧಾನವಾಗಿ ಉಣ್ಣುತ್ತಿದ್ದಳು. ಅಗಿಯುತ್ತ ಒಮ್ಮೆ ಕಟ್ಟೆಯ ಕಡೆ ನೋಡಿದಳು, ತನ್ನ ದಾರಿಗೆ ಹೋಗದ ಬಸ್ಸನ್ನು ನೋಡುವ ಹಾಗೆ. ಆಮೇಲೆ ಡಬ್ಬಿಯ ಮೂಲೆಯಲ್ಲಿ ಅಂಟಿದ್ದ ಅಗುಳನ್ನು ಬೆರಳಿನಿಂದ ಬಿಡಿಸತೊಡಗಿದಳು.